‘ಅವಶೇಷ’ವನ್ನು ಎಲ್ಲಿ ಬರೆಯಬೇಕು, ಎಲ್ಲಿ ಬರೆಯಬಾರದು

ಉಳಿದದ್ದನ್ನು ಹೆಸರಿಸಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಹೊಲದಲ್ಲಿ ಉಳಿದದ್ದಕ್ಕೆ ಒಂದು ಹೆಸರು, ಒಲೆಯಲ್ಲಿ ಉಳಿದದ್ದಕ್ಕೆ ಇನ್ನೊಂದು, ಎಲೆಯಲ್ಲಿ ಉಳಿದದ್ದಕ್ಕೆ ಮತ್ತೊಂದು, ಲೆಕ್ಕದ ಪುಸ್ತಕದಲ್ಲಿ ಉಳಿದದ್ದಕ್ಕೆ ಮಗದೊಂದು ಹೆಸರನ್ನು ನಮ್ಮ ಹಿರಿಯರು ಇಟ್ಟುಹೋಗಿದ್ದಾರೆ. ಹೀಗಿದ್ದರೂ ಬರೆಯಲು ಕುಳಿತಾಗ, ಅದರಲ್ಲೂ ಸುದ್ದಿ, ವರದಿ, ಸಂಶೋಧನ ಲೇಖನಗಳನ್ನು ಬರೆಯುವಾಗ, ಕೈ ತಾನಾಗಿಯೇ ‘ಅವಶೇಷ’ ಎಂಬ ಒಂದೇ ಪದದತ್ತ ಹೋಗುತ್ತದೆ. ಪದವೇನೋ ಒಳ್ಳೆಯದೇ, ಆದರೆ ಅದಕ್ಕೆ ತನ್ನದೇ ಆದ ಒಂದು ಷರತ್ತಿದೆ, ಆ ಷರತ್ತು ಪೂರೈಸದ ಕಡೆ ಅದು ವಾಕ್ಯವನ್ನು ಮಸುಕುಗೊಳಿಸುತ್ತದೆ.

ಷರತ್ತು ಇಷ್ಟೇ. ಹಿಂದೆ ಪೂರ್ಣವಾದದ್ದೊಂದು ಇತ್ತು, ಅದು ಅಳಿಯಿತು, ಅದರಲ್ಲಿ ಇಷ್ಟು ಉಳಿಯಿತು ಎಂಬ ಮೂರು ಮಾತುಗಳನ್ನೂ ನಿಜವಾಗಿ ಹೇಳಬಹುದಾದ ಕಡೆ ಮಾತ್ರ ‘ಅವಶೇಷ’ ಸಲ್ಲುತ್ತದೆ. ಮೊದಲ ಮಾತು ತಪ್ಪಿದರೆ ಅದು ಬರಿಯ ಚೂರು; ಎರಡನೆಯದು ತಪ್ಪಿದರೆ ಬರಿಯ ಮಿಗಿಲು ಅಥವಾ ಬಾಕಿ; ಮೂರನೆಯದು ತಪ್ಪಿದರೆ ಅಲ್ಲಿ ಹೆಸರಿಸಲು ಏನೂ ಇಲ್ಲ. ಬರೆಯುವಾಗ ಅನುಮಾನ ಬಂದರೆ ಈ ಮೂರು ಮಾತುಗಳನ್ನು ಮನಸ್ಸಿನಲ್ಲೇ ಆಡಿ ನೋಡಬೇಕು. ‘ಕೋಟೆಯಿತ್ತು, ಅಳಿಯಿತು, ಈ ಬುರುಜು ಉಳಿಯಿತು’ ಎನ್ನುವುದು ಸರಾಗವಾಗಿ ಬರುತ್ತದೆ, ಆದ್ದರಿಂದ ಬುರುಜು ಕೋಟೆಯ ಅವಶೇಷ. ‘ಸಂಬಳವಿತ್ತು, ಅಳಿಯಿತು, ಈ ಐನೂರು ರೂಪಾಯಿ ಉಳಿಯಿತು’ ಎಂದರೆ ತಿಂಗಳ ಕೊನೆಯಲ್ಲಿ ಕೆಲವರಿಗೆ ಅದು ನಿಜವೇ ಅನ್ನಿಸಬಹುದಾದರೂ, ಆ ಐನೂರನ್ನು ಸಂಬಳದ ಅವಶೇಷ ಎಂದು ಬರೆದರೆ ಅದು ಹಾಸ್ಯವಾಗುತ್ತದೆಯೇ ಹೊರತು ಲೆಕ್ಕವಾಗುವುದಿಲ್ಲ.

ಪದದ ಹುಟ್ಟು ಈ ಷರತ್ತನ್ನು ಅರ್ಧದಷ್ಟು ಮಾತ್ರ ವಿವರಿಸುತ್ತದೆ. ಸಂಸ್ಕೃತದ ‘ಶಿಷ್’ ಧಾತುವಿಗೆ ಉಳಿಯುವುದು, ಉಳಿಸುವುದು ಎಂಬ ಅರ್ಥವಿದೆ. ಅದಕ್ಕೆ ‘ಅವ’ ಎಂಬ ಉಪಸರ್ಗ ಸೇರಿ ‘ಅವಶೇಷ’ ಆಗಿದೆ. ಉಳಿದಿರುವ ಎಂಬ ವಿಶೇಷಣ ಬೇಕಾದರೆ ‘ಅವಶಿಷ್ಟ’. ಇದೇ ಧಾತುವಿನ ಮಕ್ಕಳು ಕನ್ನಡದಲ್ಲಿ ಹಲವರಿದ್ದಾರೆ: ಏನೂ ಉಳಿಯದಂತೆ ಎನ್ನಲು ‘ನಿಶ್ಶೇಷ’, ಒಂದನ್ನೂ ಬಿಡದೆ ಎಲ್ಲ ಎನ್ನಲು ‘ಅಶೇಷ’, ಉಳಿದವುಗಳಿಂದ ಬೇರೆಯಾಗಿ ಎದ್ದು ಕಾಣುವುದಕ್ಕೆ ‘ವಿಶೇಷ’, ಉಂಡು ಬಿಟ್ಟದ್ದಕ್ಕೆ ‘ಉಚ್ಛಿಷ್ಟ’, ಗ್ರಂಥದ ಮುಖ್ಯಭಾಗದಲ್ಲಿ ಸೇರದೆ ಉಳಿದು ಕೊನೆಯಲ್ಲಿ ಬರುವುದಕ್ಕೆ ‘ಪರಿಶಿಷ್ಟ’. ಪ್ರಳಯದಲ್ಲಿ ಎಲ್ಲವೂ ಲಯವಾದ ಮೇಲೂ ಉಳಿಯುವ ಹಾವಿಗೆ ‘ಶೇಷ’ ಎಂಬ ಹೆಸರು ಬಂದದ್ದೂ ಇಲ್ಲಿಂದಲೇ. ಆದರೆ ‘ಶಿಷ್ಟಾಚಾರ’ದ ಶಿಷ್ಟನನ್ನು ಈ ಮನೆಗೆ ಸೇರಿಸಬಾರದು. ಅವನು ‘ಶಾಸ್’ ಧಾತುವಿನವನು, ಶಿಷ್ಯ, ಶಾಸನ, ಶಾಸ್ತ್ರಗಳ ಬಂಧು. ರೂಪ ಒಂದೇ ಆದರೂ ಸಂಬಂಧವಿಲ್ಲ. ಹೀಗೆ ಸಂಸ್ಕೃತದಲ್ಲಿ ‘ಅವಶೇಷ’ ಎಂದರೆ ಉಳಿದದ್ದು ಎಂಬಷ್ಟೇ ವಿಶಾಲವಾದ ಅರ್ಥವಿದ್ದರೂ, ಕನ್ನಡದಲ್ಲಿ ಅದು ಅಳಿವಿನ ನೆರಳನ್ನು ಹೊತ್ತುಕೊಂಡು ಬಂದಿದೆ. ನಿಘಂಟಿನ ಮೊದಲ ಅರ್ಥವನ್ನು ನಂಬಿ ‘ಅವಶೇಷ ಕೆಲಸವನ್ನು ನಾಳೆ ಮುಗಿಸುತ್ತೇನೆ’ ಎಂದು ಬರೆದರೆ ತಪ್ಪೆಂದು ತೋರಿಸಲು ವ್ಯಾಕರಣದ ಸೂತ್ರವೇನೂ ಸಿಗುವುದಿಲ್ಲ, ಓದುಗನಿಗೆ ಮಾತ್ರ ಕಿವಿಯಲ್ಲಿ ಮರಳು ಹೊಕ್ಕಂತಾಗುತ್ತದೆ.

ಕಲ್ಲು, ಇಟ್ಟಿಗೆ, ಬೂದಿ

ಈ ಪದಕ್ಕೆ ಅತ್ಯಂತ ಒಪ್ಪುವ ನೆಲವೆಂದರೆ ಪ್ರಾಚೀನ ಕಟ್ಟಡಗಳ ನೆಲ. ಹಂಪಿಯನ್ನೇ ತೆಗೆದುಕೊಳ್ಳಬಹುದು. 1565ರ ರಕ್ಕಸತಂಗಡಿ ಯುದ್ಧದ ನಂತರ ವಿಜಯನಗರ ಪಾಳುಬಿದ್ದಿತು. ಅರಮನೆಗಳ ಆವರಣದಲ್ಲಿ ಇಂದು ಕಾಣುವುದು ಬಹುಪಾಲು ಕಲ್ಲಿನ ಅಧಿಷ್ಠಾನಗಳು, ಅಂದರೆ ಕಟ್ಟಡದ ತಳಪೀಠಗಳು; ಅವುಗಳ ಮೇಲೆ ನಿಂತಿದ್ದ ಮರದ ಕಂಬ, ಮಾಡುಗಳು ಇಲ್ಲ. ಈ ಅಧಿಷ್ಠಾನಗಳನ್ನು ‘ಅರಮನೆಯ ಅವಶೇಷಗಳು’ ಎಂದರೆ ಪ್ರತಿ ಅಕ್ಷರವೂ ಸಾರ್ಥಕ. ಆದರೆ ಅದೇ ಊರಿನ ವಿರೂಪಾಕ್ಷ ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ, ರಥ ಎಳೆಯುತ್ತಾರೆ. ಅದು ಅವಶೇಷವಲ್ಲ, ದೇವಾಲಯ. ಯುನೆಸ್ಕೊ 1986ರಲ್ಲಿ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಸ್ಮಾರಕಗಳ ಸಮೂಹವೆಂದು. ‘ಸ್ಮಾರಕ’ ಎಂಬುದು ನೆನಪಿನ ಕಡೆಯಿಂದ ಇಟ್ಟ ಹೆಸರು, ಅದು ಪೂರ್ಣವಾಗಿಯೂ ಇರಬಹುದು, ಮುರಿದೂ ಇರಬಹುದು. ‘ಅವಶೇಷ’ ಮಾತ್ರ ಮುರಿದದ್ದೇ. ಆದ್ದರಿಂದ ಹಂಪಿಯ ಒಟ್ಟು ಕಟ್ಟಡಗಳ ಬಗ್ಗೆ ಬರೆಯುವಾಗ ಸ್ಮಾರಕ ಎಂದೂ, ಅದರೊಳಗೆ ಕುಸಿದ, ಸುಟ್ಟ, ತಳ ಮಾತ್ರ ಉಳಿದ ಕಟ್ಟಡಗಳಿಗೆ ಅವಶೇಷ ಎಂದೂ ಬಳಸಿದರೆ ಎರಡೂ ಪದಗಳ ಮರ್ಯಾದೆ ಉಳಿಯುತ್ತದೆ. ಜನರ ಬಾಯಲ್ಲಿ ಇವೆರಡಕ್ಕೂ ಮೊದಲೇ ‘ಹಾಳು ಹಂಪೆ’ ಎಂಬ ಮಾತಿತ್ತು. ‘ಹಾಳು’, ‘ಪಾಳು’, ‘ಕೊಂಪೆ’ ಎಂಬಿವು ಇಡೀ ಜಾಗದ ಸ್ಥಿತಿಯನ್ನು ಹೇಳುತ್ತವೆ; ‘ಅವಶೇಷ’ ಆ ಜಾಗದಲ್ಲಿ ಕಣ್ಣಿಗೆ ಬೀಳುವ ವಸ್ತುವನ್ನು ಹೇಳುತ್ತದೆ. ಊರು ಹಾಳಾಗುತ್ತದೆ, ಊರು ಅವಶೇಷವಾಗುವುದಿಲ್ಲ. ಹಾಳಾದ ಊರಿನಲ್ಲಿ ಅವಶೇಷಗಳಿರುತ್ತವೆ.

ಉತ್ಖನನದ ವರದಿಗಳಲ್ಲಿ ಇನ್ನೂ ಸೂಕ್ಷ್ಮವಾದ ಭೇದವೊಂದು ಬೇಕಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆಸಿದಾಗ ದೊರೆತ ಕಲ್ಲಿನ ಕೊಡಲಿ, ಮಡಕೆಯ ಚೂರುಗಳನ್ನು ಒಂದೊಂದಾಗಿ ಹೆಸರಿಸುವಾಗ ‘ಅವಶೇಷ’ ಎನ್ನಬೇಕಾಗಿಲ್ಲ. ಪೂರ್ಣವಾಗಿ ಸಿಕ್ಕಿದ ಕೊಡಲಿ ಕೊಡಲಿಯೇ, ಅದು ಕೊಡಲಿಯ ಅವಶೇಷವಲ್ಲ. ಆದರೆ ಅವೆಲ್ಲವನ್ನೂ ಒಟ್ಟಿಗೆ ನೋಡಿ, ಅವುಗಳನ್ನು ಬಳಸಿದ ಜನಜೀವನ ಅಳಿದುಹೋಗಿದೆ ಎಂಬ ಅರ್ಥದಲ್ಲಿ ‘ನವಶಿಲಾಯುಗದ ಅವಶೇಷಗಳು’ ಎನ್ನಬಹುದು. ಯಾವುದರ ಅವಶೇಷ ಎಂಬ ಷಷ್ಠೀವಿಭಕ್ತಿಯ ಪದವೇ ಇಲ್ಲಿ ಅರ್ಥವನ್ನು ನಿರ್ಧರಿಸುತ್ತದೆ. ‘ಅವಶೇಷಗಳು ಪತ್ತೆಯಾದವು’ ಎಂದಷ್ಟೇ ಬರೆದು ಬಿಟ್ಟ ವಾಕ್ಯ ಅರ್ಧ ವಾಕ್ಯ. ಮಡಕೆಯದೋ, ಗುಡಿಯದೋ, ಊರಿನದೋ, ಒಂದು ಯುಗದ್ದೋ ಎಂದು ಹೇಳಿದಾಗ ಮಾತ್ರ ಅದು ಪೂರ್ತಿಯಾಗುತ್ತದೆ. ಬಳ್ಳಾರಿ ಸೀಮೆಯ ಕುಡತಿನಿಯಲ್ಲಿರುವಂಥ ಬೂದಿದಿಬ್ಬಗಳು ಒಳ್ಳೆಯ ಉದಾಹರಣೆ. ನವಶಿಲಾಯುಗದ ದನಗಾಹಿಗಳು ರಾಶಿ ಹಾಕಿದ ಸಗಣಿ ಸುಟ್ಟು ಆದ ದಿಬ್ಬಗಳವು. ಅವುಗಳನ್ನು ಸಗಣಿಯ ಅವಶೇಷ ಎಂದರೂ ಸರಿ, ಪಶುಪಾಲಕ ಬದುಕಿನ ಅವಶೇಷ ಎಂದರೂ ಸರಿ. ಮೊದಲನೆಯದು ರಸಾಯನ, ಎರಡನೆಯದು ಚರಿತ್ರೆ. ಬರೆಯುವವನು ಯಾವುದನ್ನು ಹೇಳುತ್ತಿದ್ದೇನೆಂದು ಮೊದಲು ತಾನು ತಿಳಿದಿರಬೇಕು.

ಜೀವಿಗಳದ್ದಾದರೆ ಕನ್ನಡಕ್ಕೆ ‘ಪಳೆಯುಳಿಕೆ’ ಎಂಬ ಸೊಗಸಾದ ಪದವಿದೆ. ಕಲ್ಲಾಗಿ ಉಳಿದ ಎಲುಬು, ಎಲೆ, ಚಿಪ್ಪುಗಳಿಗೆ ಅದನ್ನೇ ಬಳಸಬೇಕು, ‘ಜೀವಾವಶೇಷ’ದ ಗೊಡವೆ ಬೇಡ. ‘ಪಳೆಯುಳಿಕೆ ಇಂಧನ’ ಎಂಬುದು ಈಗ ಪಠ್ಯಪುಸ್ತಕದಿಂದ ಪತ್ರಿಕೆಯವರೆಗೆ ನೆಲೆಯೂರಿದೆ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾದರೂ ಈ ಪದದ ‘ಪಳೆ’ ಮಾತ್ರ ‘ಹಳೆ’ಯಾಗದೆ ಕುಳಿತಿದೆ. ಭಾಷೆಯಲ್ಲಿಯೂ ಅವಶೇಷಗಳಿರುತ್ತವೆ ಎಂಬುದಕ್ಕೆ ಎಣಿಕೆಯ ಪದಗಳಷ್ಟು ಸ್ಪಷ್ಟವಾದ ಸಾಕ್ಷಿ ಬೇರೆ ಸಿಗಲಾರದು. ‘ಪತ್ತು’ ಎಂಬುದು ‘ಹತ್ತು’ ಆಗಿ ಶತಮಾನಗಳೇ ಕಳೆದವು, ಆದರೆ ‘ಇಪ್ಪತ್ತು’, ‘ಎಪ್ಪತ್ತು’ ಎನ್ನುವಾಗ ಆ ಹಳೆಯ ಪತ್ತು ಇನ್ನೂ ನಮ್ಮ ಬಾಯಲ್ಲಿದೆ; ‘ಮೂವತ್ತು’, ‘ಐವತ್ತು’ಗಳಲ್ಲಿ ಅದು ವಕಾರವಾಗಿ ಸವೆದಿದೆ, ‘ತೊಂಬತ್ತ’ರಲ್ಲಿ ಬಕಾರವಾಗಿದೆ. ‘ಹಳಗನ್ನಡದ ಅವಶೇಷ’ ಎಂದು ಇಂಥವನ್ನು ಧಾರಾಳವಾಗಿ ಕರೆಯಬಹುದು, ಏಕೆಂದರೆ ಇತ್ತು, ಅಳಿಯಿತು, ಉಳಿಯಿತು ಎಂಬ ಮೂರೂ ಇಲ್ಲಿ ಸಲ್ಲುತ್ತವೆ.

ಕುಸಿದ ಕಟ್ಟಡದ ಸುದ್ದಿಯಲ್ಲಿ

ಪತ್ರಿಕೆಗಳಲ್ಲಿ ಈ ಪದ ಅತಿ ಹೆಚ್ಚು ಬರುವುದು ಕಟ್ಟಡ ಕುಸಿದಾಗ, ಭೂಕಂಪವಾದಾಗ, ವಿಮಾನ ಬಿದ್ದಾಗ. ‘ಅವಶೇಷಗಳಡಿ ಸಿಲುಕಿದವರ ರಕ್ಷಣೆ’ ಎಂಬ ಮಾತು ಈಗ ಅಚ್ಚಾಗಿ ಹೋಗಿದೆ, ಅದರಲ್ಲಿ ದೋಷವೂ ಇಲ್ಲ. ದೋಷ ಬರುವುದು ಮುಂದಿನ ವಾಕ್ಯಗಳಲ್ಲಿ. ಉದಾಹರಣೆಗೆ ಇಂಥದೊಂದು ವಾಕ್ಯವನ್ನು ಬಿಡಿಸಿ ನೋಡಬಹುದು: ‘ಮಳೆಗೆ ಕುಸಿದ ಮನೆಯ ಉಳಿದ ಅವಶೇಷಗಳ ತ್ಯಾಜ್ಯವನ್ನು ಸಿಬ್ಬಂದಿ ತೆರವುಗೊಳಿಸಿದರು.’ ಮೊದಲನೆಯದಾಗಿ ‘ಉಳಿದ ಅವಶೇಷ’ ಎಂಬುದು ಒಂದೇ ಮಾತನ್ನು ಎರಡು ಸಲ ಹೇಳುತ್ತದೆ, ಅವಶೇಷವೆಂದರೆ ಉಳಿದದ್ದೇ. (‘ಇಂದಿಗೂ ಕಾಣಸಿಗುವ ಅವಶೇಷ’ ಎಂದರೆ ಪುನರುಕ್ತಿಯಲ್ಲ, ಕಾಣುವುದು ಬೇರೆ, ಉಳಿಯುವುದು ಬೇರೆ.) ಎರಡನೆಯದಾಗಿ ಅವಶೇಷವೂ ತ್ಯಾಜ್ಯವೂ ಒಂದರ ಪಕ್ಕ ಒಂದು ಕೂರಲಾರವು. ‘ತ್ಯಾಜ್ಯ’ ಎಂದರೆ ಬಿಡತಕ್ಕದ್ದು, ಎಸೆಯತಕ್ಕದ್ದು. ಅದು ಮನುಷ್ಯನ ತೀರ್ಮಾನ. ‘ಅವಶೇಷ’ ತೀರ್ಮಾನವಲ್ಲ, ಕೇವಲ ಸಂಗತಿ. ಕುಸಿದ ದಿನ ಆ ಇಟ್ಟಿಗೆಗಳು ಮನೆಯ ಅವಶೇಷ. ಅವುಗಳ ಅಡಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾಗಿ, ಬೇಕಾದ ಸಾಮಾನನ್ನು ಮನೆಯವರು ಆಯ್ದುಕೊಂಡ ಮೇಲೆ, ಲಾರಿಗೆ ತುಂಬಿ ಊರ ಹೊರಗೆ ಸುರಿಯುವಾಗ ಅದೇ ಇಟ್ಟಿಗೆಗಳು ಕಟ್ಟಡ ತ್ಯಾಜ್ಯ. ವಾಕ್ಯ ಹೀಗಾಗಬೇಕು: ‘ಮಳೆಗೆ ಕುಸಿದ ಮನೆಯ ಅವಶೇಷಗಳನ್ನು ಸಿಬ್ಬಂದಿ ತೆರವುಗೊಳಿಸಿದರು.’ ಇನ್ನೂ ಸರಳ ಬೇಕೆಂದರೆ ‘ಕುಸಿದ ಮನೆಯ ಮಣ್ಣು, ಇಟ್ಟಿಗೆ, ತೊಲೆಗಳನ್ನು ತೆಗೆದರು’ ಎನ್ನಬಹುದು. ಕಣ್ಣಿಗೆ ಕಟ್ಟುವಂತೆ ಬರೆಯಬೇಕಾದ ಕಡೆ ನಾನು ಇದನ್ನೇ ಆರಿಸುತ್ತೇನೆ.

ಸತ್ತವರ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಆಗಷ್ಟೇ ತೀರಿಕೊಂಡವರ ದೇಹವನ್ನು ‘ಪಾರ್ಥಿವ ಶರೀರ’ ಎನ್ನುವುದು ರೂಢಿ. ಅಲ್ಲಿ ‘ಅವಶೇಷ’ ಬಂದರೆ ದೇಹ ಛಿದ್ರವಾಗಿತ್ತು ಎಂಬ ಅರ್ಥ ಹೊರಡುತ್ತದೆ, ಅದು ಮನೆಯವರಿಗೆ ನೋವು ಕೊಡುವ ಸುಳ್ಳಾಗಬಹುದು. ದಹನದ ನಂತರ ಸಂಗ್ರಹಿಸುವುದು ‘ಅಸ್ಥಿ’, ‘ಚಿತಾಭಸ್ಮ’. ಬಹುಕಾಲದ ಹಿಂದೆ ಹೂತಿದ್ದ ಎಲುಬುಗಳು ಸಿಕ್ಕಿದಾಗ ‘ಅಸ್ಥಿಪಂಜರದ ಅವಶೇಷ’ ಎನ್ನಬಹುದು. ಬುದ್ಧನ ಅಸ್ಥಿಗಳ ವಿಷಯಕ್ಕೆ ಬೌದ್ಧ ಪರಂಪರೆಯಲ್ಲಿ ‘ಧಾತು’ ಎಂಬ ಪದವೇ ಇದೆ, ಸ್ತೂಪದ ಒಡಲನ್ನು ಧಾತುಗರ್ಭ ಎನ್ನುವುದು ಅದರಿಂದಲೇ. ಆದರೂ ಸುದ್ದಿಯ ಓದುಗರಿಗಾಗಿ ‘ಪವಿತ್ರ ಅವಶೇಷ’ ಎಂದು ಬರೆಯುವುದನ್ನು ತಪ್ಪೆನ್ನಲಾಗದು. ತೀರಿಹೋದ ಹಿರಿಯರ ಹೆಸರಿನ ಹಿಂದೆ ಬರುವ ‘ಕೀರ್ತಿಶೇಷ’ದಲ್ಲಿ ಇದೇ ಶೇಷವಿದೆ: ದೇಹ ಅಳಿಯಿತು, ಕೀರ್ತಿ ಉಳಿಯಿತು ಎಂಬ ಗೌರವದ ಮಾತದು. ‘ನಾಮಾವಶೇಷ’ವಾದರೋ ತದ್ವಿರುದ್ಧ, ಹೆಸರಷ್ಟೇ ಉಳಿದು ಉಳಿದದ್ದೆಲ್ಲ ಹೋಯಿತು ಎಂಬ ಮರುಕ ಅಥವಾ ತಾತ್ಸಾರ ಅದರಲ್ಲಿದೆ. ಊರಿನ ಕೆರೆ ನಾಮಾವಶೇಷವಾಗಬಹುದು, ಊರಿನ ಹಿರಿಯರನ್ನು ಹಾಗೆ ಕರೆಯಬಾರದು.

ಅವಶೇಷವಲ್ಲದ ಉಳಿಕೆಗಳು

ಮನೆಯೊಳಗೆ ಬಂದರೆ ಈ ಪದ ಹೊಸ್ತಿಲ ಹೊರಗೇ ನಿಲ್ಲಬೇಕು. ಅಡುಗೆಮನೆಯ ಉಳಿಕೆಗಳನ್ನು ಕನ್ನಡ ಎಷ್ಟು ನುಣ್ಣಗೆ ಬೇರ್ಪಡಿಸಿದೆಯೆಂದರೆ ಅಲ್ಲಿ ಸಾಮಾನ್ಯ ಪದವೊಂದನ್ನು ತಂದರೆ ನಷ್ಟವೇ. ಬಡಿಸದೆ ಪಾತ್ರೆಯಲ್ಲೇ ಮಿಕ್ಕ ಅನ್ನ ‘ಮಿಕ್ಕಿದ್ದು’. ಅದು ರಾತ್ರಿ ಕಳೆದರೆ ‘ತಂಗಳು’. ಉಣ್ಣುವವರ ಬಾಯಿ, ಕೈ ತಾಗಿದ್ದರೆ ‘ಎಂಜಲು’. ಬೇಯಿಸಿದ ಅನ್ನ, ಸಾರು ಅಂಟಿಕೊಂಡ ಪಾತ್ರೆಗಳದ್ದು ‘ಮುಸುರೆ’. ಇವೆಲ್ಲ ಸೇರಿ ದನಕ್ಕೆ ಹೋಗುವ ನೀರು ‘ಕಲಗಚ್ಚು’. ಸೋಸಿದ ಮೇಲೆ ಉಳಿಯುವ ಕಾಫಿಪುಡಿ ‘ಚರಟ’, ಬೆಣ್ಣೆ ಕಾಯಿಸಿದಾಗ ತುಪ್ಪದ ತಳದಲ್ಲಿ ನಿಲ್ಲುವುದು ‘ಗಸಿ’, ಎಣ್ಣೆ ತೆಗೆದ ಕಡಲೆಕಾಯಿಯದು ‘ಹಿಂಡಿ’. ಇವುಗಳಲ್ಲಿ ಎಂಜಲಿಗೂ ತಂಗಳಿಗೂ ಇರುವ ಅಂತರ ವಸ್ತುವಿನದಲ್ಲ, ಅದನ್ನು ಮುಂದೆ ಯಾರು ತಿನ್ನಬಹುದು ಎಂಬುದರದು. ‘ಉಚ್ಛಿಷ್ಟ’ ಎಂಬುದು ಎಂಜಲಿನ ಗ್ರಾಂಥಿಕ ರೂಪ; ಅದನ್ನು ಅಡುಗೆಯ ಬರಹದಲ್ಲಿ ಬಳಸುವ ಅಗತ್ಯವೇ ಇಲ್ಲ. ‘ಆಹಾರದ ಅವಶೇಷ’ ಎಂಬ ಮಾತು ಸಲ್ಲುವುದು ಪ್ರಾಚೀನ ಮಡಕೆಯ ಒಳಮೈಗೆ ಅಂಟಿದ ಕಾಳಿನ ಬಗ್ಗೆ ಬರೆಯುವಾಗ, ಅಥವಾ ವೈದ್ಯರ ವರದಿಯಲ್ಲಿ.

ಹೊಲದ್ದೂ ಹೀಗೆಯೇ. ಕೊಯ್ಲಾದ ಮೇಲೆ ನೆಲದಲ್ಲಿ ನಿಲ್ಲುವ ಮೋಟು ‘ಕೂಳೆ’, ಅಲ್ಲಲ್ಲಿ ಬಿದ್ದು ಉಳಿದ ತೆನೆ ‘ಹಕ್ಕಲು’. ಹಕ್ಕಲನ್ನು ಆಯಲು ಬಡವರಿಗೆ ಬಿಡುವ ರೂಢಿಯಿತ್ತು, ‘ಹಕ್ಕಲಾಯುವುದು’ ಎಂಬ ಕ್ರಿಯೆ ಅದರಿಂದ ಬಂತು. ಕೂಳೆಯಂತೂ ಅವಶೇಷ ಎಂಬ ಪದವನ್ನು ಪೂರ್ತಿಯಾಗಿ ಸುಳ್ಳಾಗಿಸುತ್ತದೆ: ಕಬ್ಬಿನ ಕೂಳೆ ಮತ್ತೆ ಚಿಗುರಿ ‘ಕೂಳೆ ಬೆಳೆ’ಯಾಗುತ್ತದೆ. ಅಳಿದದ್ದೇ ಇಲ್ಲವೆಂದ ಮೇಲೆ ಅವಶೇಷ ಎಲ್ಲಿಂದ ಬರಬೇಕು? ಕೃಷಿ ಇಲಾಖೆಯ ಭಾಷೆಯಲ್ಲಿ ‘ಬೆಳೆಯ ಅವಶೇಷ’ ಎಂಬುದೊಂದು ಸೇರಿಕೊಂಡಿದೆ. ಹುಲ್ಲು, ಸಿಪ್ಪೆ, ದಂಟುಗಳನ್ನೆಲ್ಲ ಒಟ್ಟಿಗೆ ಹೇಳಲು ಅದು ಅನುಕೂಲವೆಂದು ಒಪ್ಪಬಹುದು, ಆದರೆ ರೈತರಿಗಾಗಿ ಬರೆಯುವ ಕರಪತ್ರದಲ್ಲಿ ‘ಕೂಳೆಗೆ ಬೆಂಕಿ ಹಚ್ಚಬೇಡಿ’ ಎಂದರೆ ಒಂದೇ ಓದಿಗೆ ತಿಳಿಯುತ್ತದೆ.

ಲೆಕ್ಕದಲ್ಲಿ ‘ಅವಶೇಷ’ಕ್ಕೆ ಜಾಗವೇ ಇಲ್ಲ, ಅಲ್ಲಿ ‘ಶೇಷ’ವೇ ಸಾಕು. ಹದಿನೇಳನ್ನು ಐದರಿಂದ ಭಾಗಿಸಿದರೆ ಭಾಗಲಬ್ಧ ಮೂರು, ಶೇಷ ಎರಡು. ಆ ಎರಡು ಯಾವ ವಿನಾಶದಿಂದಲೂ ಪಾರಾಗಿ ಬಂದದ್ದಲ್ಲ. ಸಂವಿಧಾನದ 248ನೆಯ ವಿಧಿಯಂತೆ ಯಾವ ಪಟ್ಟಿಗೂ ಸೇರದ ವಿಷಯಗಳ ಮೇಲೆ ಸಂಸತ್ತಿಗಿರುವ ಅಧಿಕಾರ ‘ಶೇಷಾಧಿಕಾರ’, ಅದೂ ಹಂಚಿಕೆಯ ನಂತರದ ಉಳಿಕೆಯೇ. ಹಣದ ವ್ಯವಹಾರದಲ್ಲಿ ‘ಶಿಲ್ಕು’ ಮತ್ತು ‘ಬಾಕಿ’ಗಳನ್ನು ಅದಲುಬದಲು ಮಾಡಬಾರದು. ಖರ್ಚು ಕಳೆದು ಕೈಯಲ್ಲಿ ನಿಂತದ್ದು ಶಿಲ್ಕು. ಸಹಕಾರ ಸಂಘಗಳ ಜಮಾಖರ್ಚಿನಲ್ಲಿ ಆರಂಭಿಕ ಶಿಲ್ಕು, ಅಂತಿಮ ಶಿಲ್ಕು ಎಂದು ಬರೆಯುವುದು ಇದನ್ನೇ. ಸಲ್ಲಬೇಕಾಗಿದ್ದು ಸಲ್ಲದೆ ನಿಂತದ್ದು ಬಾಕಿ. ಒಬ್ಬನ ಶಿಲ್ಕಿನಲ್ಲಿ ಇನ್ನೊಬ್ಬನ ಬಾಕಿ ಅಡಗಿರಬಹುದು, ಆದರೂ ಎರಡೂ ಒಂದಲ್ಲ. ಅಗತ್ಯವನ್ನು ಮೀರಿ ಉಳಿದದ್ದು ‘ಮಿಗತೆ’, ಕೊರತೆಯ ಬಜೆಟ್ಟಿಗೆ ಎದುರಾದದ್ದು ಮಿಗತೆಯ ಬಜೆಟ್ಟು.

ಮಿಗುವುದು ಮತ್ತು ಉಳಿಯುವುದು ಎಂಬ ಎರಡು ಕನ್ನಡ ಕ್ರಿಯಾಪದಗಳ ಅಂತರವನ್ನು ಹಿಡಿದುಕೊಂಡರೆ ಮೇಲಿನದೆಲ್ಲ ಸುಲಭವಾಗುತ್ತದೆ. ಮಿಗುವುದಕ್ಕೆ ಎದುರು ಸಾಲದಿರುವುದು. ಉಳಿಯುವುದಕ್ಕೆ ಎದುರು ಅಳಿಯುವುದು. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆಯಲ್ಲಿ ಉಳಿದವನ ಜಾಗಕ್ಕೆ ‘ಮಿಕ್ಕವನು’ ಬಂದರೆ ಗಾದೆಯೇ ಕೆಡುತ್ತದೆ. ‘ಅವಶೇಷ’ ಸಂಪೂರ್ಣವಾಗಿ ಉಳಿಯುವುದರ ಕಡೆಯ ಪದ. ಮಿಕ್ಕದ್ದಕ್ಕೆ ಅದನ್ನು ಬಳಸಿದಾಗಲೆಲ್ಲ ವಾಕ್ಯ ಎಡವುತ್ತದೆ.

ಅಮೂರ್ತ ವಿಷಯಗಳಿಗೆ ಬಳಸುವಾಗ ಪದ ತನ್ನೊಂದಿಗೆ ತೀರ್ಪನ್ನೂ ತರುತ್ತದೆ ಎಂಬುದನ್ನು ಮರೆಯಬಾರದು. ಒಂದು ಆಚರಣೆಯನ್ನು ‘ಊಳಿಗಮಾನ್ಯ ಪದ್ಧತಿಯ ಅವಶೇಷ’ ಎಂದವನು ಅದು ಇಷ್ಟರಲ್ಲೇ ಹೋಗಬೇಕಾಗಿತ್ತು ಎಂದು ಹೇಳಿದಂತೆಯೇ. ಅದೇ ಆಚರಣೆಯನ್ನು ‘ಬಳುವಳಿ’ ಎಂದವನು ಅದನ್ನು ತನ್ನದಾಗಿಸಿಕೊಂಡಿದ್ದಾನೆ. ‘ಕುರುಹು’ ಎಂದವನು ಯಾವ ಪಕ್ಷವನ್ನೂ ವಹಿಸಿಲ್ಲ. ನಿಷ್ಪಕ್ಷಪಾತವಾದ ಲೇಖನದಲ್ಲಿ ಕುರುಹು ಕ್ಷೇಮ.

ಇನ್ನು ಬರೆಯುವ ರೂಪ. ಮೊದಲು ಶಕಾರ, ಆಮೇಲೆ ಷಕಾರ: ಅವಶೇಷ. ಅವಷೇಶ, ಅವಶೇಶ ಎರಡೂ ತಪ್ಪು. ಶೇಷ, ವಿಶೇಷಗಳನ್ನು ಸರಿಯಾಗಿ ಬರೆಯುವವರು ಇಲ್ಲಿ ತಪ್ಪಲು ಕಾರಣವಿಲ್ಲ. ‘ಉಚ್ಛಿಷ್ಟ’ದಲ್ಲಿ ಚಕಾರಕ್ಕೆ ಛಕಾರದ ಒತ್ತು ಬೇಕು, ಏಕೆಂದರೆ ‘ಉತ್’ ಮತ್ತು ‘ಶಿಷ್ಟ’ ಸೇರಿ ಆದ ರೂಪವದು. ಸಮಾಸ ಮಾಡುವಾಗ ಹಿಂದಿನ ಪದ ಸಂಸ್ಕೃತದ್ದಾದರೆ ಸವರ್ಣದೀರ್ಘ ಸಂಧಿ ಬರುತ್ತದೆ: ಭಗ್ನಾವಶೇಷ, ಭಸ್ಮಾವಶೇಷ, ನಾಮಾವಶೇಷ. ಹಿಂದಿನ ಪದ ಕನ್ನಡದ್ದಾದರೆ ಸಮಾಸ ಮಾಡದೆ ಷಷ್ಠೀವಿಭಕ್ತಿಯಿಂದ ಜೋಡಿಸಬೇಕು: ಕಟ್ಟಡದ ಅವಶೇಷ, ಕೋಟೆಯ ಅವಶೇಷ, ‘ಕಟ್ಟಡಾವಶೇಷ’ ಸಾಧುವಲ್ಲ. ‘ಅವಶೇಷಗೊಂಡ’ ಎಂಬ ಕ್ರಿಯಾರೂಪವನ್ನು ಕೆಲವರು ಹೊಸದಾಗಿ ಕಟ್ಟುತ್ತಿದ್ದಾರೆ, ಅದು ಬೇಡ. ‘ಪಾಳುಬಿದ್ದ’, ‘ಭಗ್ನವಾದ’ ಎಂಬವು ಇದ್ದೇ ಇವೆ. ಬಿಡಿಬಿಡಿಯಾದ ಭಾಗಗಳು ಕಣ್ಣಿಗೆ ಕಾಣುವಂತಿದ್ದರೆ ಬಹುವಚನ, ಅಂದರೆ ವಿಮಾನದ ಅವಶೇಷಗಳು, ಗುಡಿಯ ಅವಶೇಷಗಳು. ಒಂದೇ ಭಾಗ ಉಳಿದಿದ್ದರೆ ಅಥವಾ ಪದ್ಧತಿ, ಭಾವನೆಗಳಂಥ ಎಣಿಸಲಾಗದ್ದಾದರೆ ಏಕವಚನ.